ಅಟ್ಟದ ಮೇಲಿನ ಹಳೇ ರೀಲು: ನೈಟ್ರೇಟ್ ಫಿಲ್ಮ್ ಸಿಕ್ಕರೆ ಏನು ಮಾಡಬೇಕು, ಏನು ಮಾಡಬಾರದು

ಮನೆಯ ಅಟ್ಟದಲ್ಲೋ ಮುಚ್ಚಿಹೋದ ಟಾಕೀಸಿನ ಗೋದಾಮಿನಲ್ಲೋ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿ ಸಿಕ್ಕಿ, ಮುಚ್ಚಳ ಬಿಡಿಸಲು ಸುತ್ತಿಗೆ ಹುಡುಕುತ್ತಿದ್ದೀರಾ? ಮೊದಲು ಸುತ್ತಿಗೆ ಕೆಳಗಿಡಿ. ಹತ್ತಿರ ಯಾರಾದರೂ ಬೀಡಿ ಸೇದುತ್ತಿದ್ದರೆ ಆಚೆ ಕಳಿಸಿ. ಆಮೇಲೆ ನಿಧಾನವಾಗಿ ಓದಿ.

ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದು ಕರೆ ಬಂದು ತಿಪಟೂರು ಕಡೆಯ ಹಳ್ಳಿಗೆ ಹೋಗಿದ್ದೆ. ಆ ಮನೆಯ ಯಜಮಾನರು ಒಂದು ಕಾಲದಲ್ಲಿ ಟೂರಿಂಗ್ ಟಾಕೀಸ್ ನಡೆಸಿದವರು, ತೀರಿಹೋಗಿ ಬಹಳ ವರ್ಷವಾಗಿತ್ತು. ತೊಂಬತ್ತರ ಹತ್ತಿರದ ಅಜ್ಜಿ ಜಗಲಿ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. "ಹುಷಾರು ಕಣಪ್ಪ. ನಮ್ಮೆಜಮಾನ್ರು ಆ ಡಬ್ಬಿ ಹತ್ರ ಬೀಡಿ ಹಚ್ಚಾಕೆ ಯಾರ್ನೂ ಬಿಡ್ತಿರ್ಲಿಲ್ಲ" ಅಂದರು. ಎಷ್ಟೋ ಮಾರ್ಗದರ್ಶಿಗಳು ಹತ್ತು ಪುಟದಲ್ಲಿ ಹೇಳುವುದನ್ನು ಅಜ್ಜಿ ಒಂದು ಮಾತಿನಲ್ಲಿ ಹೇಳಿದ್ದರು. ಅಟ್ಟದಲ್ಲಿ ಐದು ಡಬ್ಬಿ ಇದ್ದವು. ಮೂರರಲ್ಲಿ ಸಾಮಾನ್ಯ ಸೇಫ್ಟಿ ಫಿಲ್ಮ್, ಅಂದರೆ ಬೆಂಕಿ ಬೇಗ ಹತ್ತದ ಬಗೆ. ಒಂದರಲ್ಲಿ ಇನ್ನೂ ಚೆನ್ನಾಗಿದ್ದ ನೈಟ್ರೇಟ್ ರೀಲು, ಅಂದರೆ ಭಗ್ಗನೆ ಉರಿಯುವ ಹಳೇ ಬಗೆ. ಐದನೆಯದರಲ್ಲಿ ಫಿಲ್ಮೇ ಇರಲಿಲ್ಲ, ತಳದಲ್ಲಿ ಕಂದು ಪುಡಿ ಕೂತಿತ್ತು. ಅದರಲ್ಲಿ ಯಾವ ಸಿನಿಮಾ ಇತ್ತು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಪುಡಿ ನೋಡಿದ ಮೇಲೆಯೇ ಇದನ್ನು ಬರೆಯಲೇಬೇಕು ಅನ್ನಿಸಿದ್ದು.

ಇದು ಯಾಕೆ ಹೀಗೆ ಉರಿಯುತ್ತದೆ

ಇಷ್ಟು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಅದು ನೈಟ್ರೋಸೆಲ್ಯುಲೋಸ್ ಆಗುತ್ತದೆ, ನೈಟ್ರೇಟ್ ಫಿಲ್ಮಿನ ಮೂಲವಸ್ತು ಇದೇ. 1840ರ ದಶಕದಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕಂಡುಕೊಂಡಾಗ ಅದು ಗನ್‌ಕಾಟನ್ ಎಂದು ಹೆಸರಾಯಿತು, ಅಂದರೆ ಬಂದೂಕಿಗೆ ತುಂಬುವ ಹತ್ತಿ. ಆಮ್ಲದ ಪಾಕವನ್ನು ಸ್ವಲ್ಪ ಹಗುರ ಮಾಡಿದರೆ ಸಿಡಿಯುವ ಗುಣ ತಗ್ಗುತ್ತದೆ, ಆದರೆ ಉರಿಯುವ ಗುಣ ಹೋಗುವುದಿಲ್ಲ. ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಇದರಿಂದ ಮಾಡಿದ ವಸ್ತುಗಳನ್ನು 1862ರ ಲಂಡನ್ ಪ್ರದರ್ಶನದಲ್ಲಿ ಇಟ್ಟ. ಅಮೆರಿಕದ ಜಾನ್ ವೆಸ್ಲಿ ಹಯಾಟ್ ಇದಕ್ಕೆ ಕರ್ಪೂರ ಬೆರೆಸಿ, ಬಿಸಿ ಮತ್ತು ಒತ್ತಡ ಕೊಟ್ಟು ಹದವಾದ ಪ್ಲಾಸ್ಟಿಕ್ ಮಾಡಿ 1870ರಲ್ಲಿ ಪೇಟೆಂಟ್ ಪಡೆದ. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೇನಾದರೂ ಬೇಕಿತ್ತು, ಅಲ್ಲಿಂದ ಶುರುವಾದ ಹುಡುಕಾಟ ಅದು. ಸೆಲ್ಯುಲಾಯ್ಡ್ ಎಂಬ ಹೆಸರು ಆಮೇಲೆ ಬಂತು. ಬಾಚಣಿಗೆ, ಗೊಂಬೆ, ಪೆನ್ನು, ಟೇಬಲ್ ಟೆನಿಸ್ ಚೆಂಡು ಎಲ್ಲವೂ ಇದರಲ್ಲೇ ಆದವು.

ದೇವರ ಮುಂದೆ ಕರ್ಪೂರ ಹಚ್ಚುವ ನಮಗೆ ಈ ಪ್ಲಾಸ್ಟಿಕ್ಕಿನ ಸ್ವಭಾವ ಯಾರೂ ವಿವರಿಸಬೇಕಾಗಿಲ್ಲ. ಸಿಡಿಮದ್ದಿನ ಹತ್ತಿಯ ಜೊತೆಗೆ ಕರ್ಪೂರ.

ಸಿನಿಮಾಕ್ಕೆ ಇದೇ ಯಾಕೆ ಬೇಕಾಯಿತು ಎಂದರೆ, ಆಗ ಬೇರೆ ದಾರಿಯೇ ಇರಲಿಲ್ಲ. ಗಾಜಿನ ಪ್ಲೇಟು ಬಾಗುವುದಿಲ್ಲ. ಕಾಗದ ಬಾಗುತ್ತದೆ, ಆದರೆ ಹರಿಯುತ್ತದೆ, ಬೆಳಕನ್ನೂ ಸರಿಯಾಗಿ ಬಿಡುವುದಿಲ್ಲ. ಗಾಜಿನಂತೆ ಪಾರದರ್ಶಕವಾಗಿ, ರಿಬ್ಬನ್ನಿನಂತೆ ಸುತ್ತಿಕೊಂಡು, ಹಲ್ಲುಚಕ್ರ ಎಳೆದರೂ ತಡೆದುಕೊಳ್ಳುವ ಪಟ್ಟಿ ಬೇಕಿತ್ತು. ನ್ಯೂಜೆರ್ಸಿಯ ಪಾದ್ರಿ ಹ್ಯಾನಿಬಲ್ ಗುಡ್ವಿನ್ 1887ರಲ್ಲಿ ಇಂಥ ಫಿಲ್ಮಿಗೆ ಪೇಟೆಂಟ್ ಅರ್ಜಿ ಹಾಕಿದ, ಅದು ಕೈಗೆ ಬಂದದ್ದು 1898ರಲ್ಲಿ. ಅಷ್ಟರಲ್ಲಿ 1889ರಲ್ಲೇ ಈಸ್ಟ್‌ಮನ್ ಕಂಪನಿ ಸೆಲ್ಯುಲಾಯ್ಡ್ ರೋಲು ಮಾರಲು ಶುರು ಮಾಡಿತ್ತು. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಅದನ್ನು 35 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಒಂದೊಂದು ಚಿತ್ರಕ್ಕೆ ಎರಡೂ ಬದಿ ನಾಲ್ಕು ನಾಲ್ಕು ತೂತು ಹೊಡೆದ. ಆ ಅಳತೆ ನೂರು ವರ್ಷಕ್ಕೂ ಮೀರಿ ಬಾಳಿತು. ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳು 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ, 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ತೆರೆ ಮೇಲೆ ಓಡಿದ್ದು ಈ ನೈಟ್ರೇಟ್ ಪಟ್ಟಿಯ ಮೇಲೆಯೇ.

ಅಪಾಯದ ತಿರುಳು ಇಲ್ಲಿದೆ: ಕಟ್ಟಿಗೆಗೆ ಉರಿಯಲು ಹೊರಗಿನ ಗಾಳಿ ಬೇಕು, ನೈಟ್ರೇಟಿಗೆ ಬೇಡ. ಅದರ ಅಣುವಿನೊಳಗೇ ಆಮ್ಲಜನಕ ಇದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ, ಮರಳು ಹಾಕಿದರೂ ಒಳಗೇ ಉರಿಯುತ್ತದೆ. ಇನ್ನೊಂದು, ಅದು ತಾನಾಗಿಯೇ ಕೊಳೆಯುತ್ತದೆ. ಕೊಳೆಯುವಾಗ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ, ಅನಿಲ ತೇವಕ್ಕೆ ತಾಗಿ ಆಮ್ಲವಾಗುತ್ತದೆ, ಆ ಆಮ್ಲ ಕೊಳೆಯುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಈ ಸುತ್ತು ಬೇಗ ಬೇಗ ತಿರುಗುತ್ತದೆ. ಚೆನ್ನಾಗಿರುವ ಫಿಲ್ಮಿಗೆ ಬೆಂಕಿ ಹತ್ತಲು ಸುಮಾರು 130 ಡಿಗ್ರಿಗೂ ಹೆಚ್ಚು ಶಾಖ ಬೇಕು. ಕೊಳೆತ ಫಿಲ್ಮು ದಿನಗಟ್ಟಲೆ 41 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಕಡ್ಡಿ ಗೀರದೆಯೂ ಹತ್ತಿಕೊಳ್ಳಬಹುದು. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ತಗಡಿನ ಚಾವಣಿಯ ಕೆಳಗಿನ ಅಟ್ಟ ಇನ್ನೂ ಬಿಸಿ.

ಮೊದಲ ಹೆಜ್ಜೆ: ಡಬ್ಬಿಯನ್ನು ಇಳಿಸುವ ಮುಂಚೆ

ಬೆಳಗ್ಗೆ ತಂಪು ಹೊತ್ತಿನಲ್ಲಿ ಕೆಲಸ ಶುರು ಮಾಡಿ. ಅಡುಗೆ ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಆ ಕಡೆ ಬೇಡ. ಅಟ್ಟದಲ್ಲಿ ಬೆಳಕು ಬೇಕಾದರೆ ಮೊಬೈಲಿನ ಟಾರ್ಚ್ ಅಥವಾ ಎಲ್‌ಇಡಿ ಟಾರ್ಚ್ ಸಾಕು. ವೈರಿಗೆ ಕಟ್ಟಿ ಇಳಿಬಿಡುವ ಹಳೇ ಬಲ್ಬನ್ನು ಡಬ್ಬಿಯ ಹತ್ತಿರ ತರಲೇಬೇಡಿ. 1929ರ ಮೇ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ರಾಶಿ ಹಾಕಿದ್ದ ನೈಟ್ರೇಟ್ ಎಕ್ಸ್-ರೇ ಫಿಲ್ಮುಗಳಿಗೆ ಬೆಂಕಿ ಹತ್ತಿ 123 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಅನಿಲ. ಮನೆಯಲ್ಲಿ ಮಕ್ಕಳಿದ್ದರೆ ಆ ಹೊತ್ತಿಗೆ ಪಕ್ಕದ ಮನೆಗೆ ಕಳಿಸಿ.

ಡಬ್ಬಿಯನ್ನು ಮಲಗಿಸಿದಂತೆಯೇ ಹಿಡಿದು ಇಳಿಸಿ. ನಿಲ್ಲಿಸಬೇಡಿ, ಅಲ್ಲಾಡಿಸಿ ನೋಡಬೇಡಿ. ಒಂದು ಸಲಕ್ಕೆ ಒಂದೇ ಡಬ್ಬಿ.

ಎರಡನೆಯ ಹೆಜ್ಜೆ: ಬಯಲಲ್ಲಿ, ನೆರಳಲ್ಲಿ ತೆರೆಯುವುದು

ಹಿತ್ತಲಿನ ಮರದ ನೆರಳು ಒಳ್ಳೆಯ ಜಾಗ. ಮುಚ್ಚಿದ ಕೋಣೆ ಬೇಡ. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಡಬ್ಬಿಯ ಕಡೆಗೆ ಬೀಸುವಂತೆ ಕೂತುಕೊಳ್ಳಿ. ಕೈಗೆ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್ ಹಾಕಿ. ಬಟ್ಟೆಯ ಮಾಸ್ಕು ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ, ಹಾಗಾಗಿ ಮಾಸ್ಕಿನ ಧೈರ್ಯದಲ್ಲಿ ಮೂಗು ಹತ್ತಿರ ತರಬೇಡಿ. ತಲೆ ನೋವು ಬಂದರೆ, ಕಣ್ಣು ಉರಿದರೆ ಎದ್ದು ದೂರ ಹೋಗಿ.

ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸುತ್ತಿಗೆ, ಉಳಿ, ಗ್ರೈಂಡರ್ ಯಾವುದೂ ಬೇಡ. ಎರಡೂ ಅಂಗೈಯಲ್ಲಿ ಅಂಚನ್ನು ಒತ್ತಿ ಸ್ವಲ್ಪ ಸ್ವಲ್ಪ ತಿರುಗಿಸಿ. ಆಗಲಿಲ್ಲವೆಂದರೆ ನಾಣ್ಯದ ಅಂಚನ್ನು ಸಂದಿಯಲ್ಲಿಟ್ಟು ಸುತ್ತಲೂ ಮೆಲ್ಲಗೆ ಎತ್ತಿ. ಅದೂ ಆಗಲಿಲ್ಲವೇ? ಬಿಟ್ಟುಬಿಡಿ, ತೆರೆಯದ ಡಬ್ಬಿಯನ್ನೇ ತಿಳಿದವರ ಕೈಗೆ ಒಪ್ಪಿಸೋಣ. ತೆರೆದ ಕೂಡಲೇ ಬಗ್ಗಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬರುತ್ತದೆ. ಮುಚ್ಚಳ ಬದಿಗಿಟ್ಟು ಐದು ನಿಮಿಷ ಹಿಂದೆ ಸರಿದು ನಿಲ್ಲಿ, ಒಳಗೆ ಕಟ್ಟಿಕೊಂಡ ಅನಿಲ ಹೊರಗೆ ಹೋಗಲಿ.

ಮೂರನೆಯ ಹೆಜ್ಜೆ: ನೈಟ್ರೇಟೋ ಅಲ್ಲವೋ ಎಂದು ಗುರುತಿಸುವುದು

ಹೆಚ್ಚು ಜನ ತಪ್ಪು ಮಾಡುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸ್ಕೇಲು ಹಿಡಿದು ಅಗಲ ಅಳೆಯಿರಿ. 16 ಮಿಲಿಮೀಟರ್ ಫಿಲ್ಮನ್ನು 1923ರಲ್ಲಿ ಮನೆಬಳಕೆಗೆಂದು ತಂದಾಗಲೇ ಕೊಡಾಕ್ ಅದನ್ನು ಬೆಂಕಿ ಬೇಗ ಹತ್ತದ ಅಸಿಟೇಟಿನಲ್ಲಿ ಮಾಡಿತು, 8 ಮಿಲಿಮೀಟರ್ ಕೂಡ ಹಾಗೆಯೇ. ಹಾಗಾಗಿ ಪಟ್ಟಿ ಸಣ್ಣದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಅಗಲ 35 ಮಿಲಿಮೀಟರ್ ಇದ್ದರೆ ಎಚ್ಚರ. 1948ರಲ್ಲಿ 35 ಮಿಲಿಮೀಟರಿಗೂ ಗಟ್ಟಿಯಾದ ಸೇಫ್ಟಿ ಫಿಲ್ಮ್ ಬಂತು, 1951ರ ಹೊತ್ತಿಗೆ ಕೊಡಾಕ್ ನೈಟ್ರೇಟ್ ತಯಾರಿಕೆ ನಿಲ್ಲಿಸಿತು. ಉಳಿದ ಸ್ಟಾಕು ಖಾಲಿಯಾಗಲು ಇನ್ನಷ್ಟು ಕಾಲ ಹಿಡಿಯಿತು ಎಂದು ಲೆಕ್ಕ ಹಾಕಿ, 1950ರ ದಶಕದ ಮಧ್ಯದವರೆಗಿನ ಯಾವ 35 ಮಿಲಿಮೀಟರ್ ರೀಲನ್ನೂ ನೈಟ್ರೇಟ್ ಎಂದೇ ತಿಳಿದು ನಡೆದುಕೊಳ್ಳಿ. ಸ್ಟುಡಿಯೋಗಳ ಹಳೇ ಭಾವಚಿತ್ರದ ಹಾಳೆ ನೆಗೆಟಿವುಗಳಿಗೂ ಇದೇ ಮಾತು.

ಆಮೇಲೆ ಅಂಚು ಓದಿ. ರೀಲಿನ ಹೊರಸುತ್ತಿನ ಒಂದು ಗೇಣನ್ನು ಮಾತ್ರ ಬಿಡಿಸಿ, ಆಕಾಶದ ಬೆಳಕಿಗೆ ಹಿಡಿಯಿರಿ. ತೂತುಗಳ ಆಚೆಗಿನ ಸಣ್ಣ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ನೈಟ್ರೇಟ್' ಅಥವಾ 'ಸೇಫ್ಟಿ' ಎಂದು ಅಚ್ಚಾಗಿರುತ್ತದೆ. ಇಲ್ಲೊಂದು ಮೋಸವಿದೆ. ನೆಗೆಟಿವಿನಿಂದ ಪ್ರಿಂಟ್ ತೆಗೆಯುವಾಗ ನೆಗೆಟಿವಿನ ಅಂಚಿನ ಬರಹವೂ ಹೊಸ ಫಿಲ್ಮಿಗೆ ಇಳಿದುಬಿಡಬಹುದು. ಸ್ವಚ್ಛ ಅಂಚಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ನಿಮ್ಮ ಕೈಯಲ್ಲಿರುವ ಫಿಲ್ಮಿಗೇ ಕಾರ್ಖಾನೆಯಲ್ಲಿ ಬಿದ್ದ ಗುರುತು. ಕಪ್ಪು ಅಂಚಿನ ಮೇಲೆ ಬಿಳಿ ಅಕ್ಷರವಿದ್ದರೆ ಅದು ಅದರ ತಾಯಿ ನೆಗೆಟಿವಿನ ಗುರುತು ಇರಬಹುದು. ಎರಡೂ ಬಗೆಯ ಅಕ್ಷರ ಕಂಡರೆ ಕಪ್ಪು ಅಕ್ಷರವನ್ನು ನಂಬಿ. ಕೊಡಾಕ್ ಫಿಲ್ಮಿನಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನಗಳೂ ಕಾಣುತ್ತವೆ, ಅವು ತಯಾರಾದ ವರ್ಷದ ಗುರುತು. ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ಫೋಟೋ ಮಾತ್ರ ತೆಗೆದಿಡಿ.

ಮೂರನೆಯದು ವಾಸನೆ. ಮೂಗು ಹತ್ತಿರ ಒಯ್ಯಬೇಕಾಗಿಲ್ಲ, ಅದೇ ಬರುತ್ತದೆ. ವಿನೆಗರ್ ಹುಳಿ ವಾಸನೆ ಬಂದರೆ ಅದು ಅಸಿಟೇಟ್, ಕೊಳೆಯುತ್ತಿದೆ, ಆದರೆ ಸಿಡಿಯುವಂಥದ್ದಲ್ಲ. ಬೆವರಿದ ಕಾಲುಚೀಲದ ಹಾಗೆ ಮುಗ್ಗಲು, ಅದರ ಹಿಂದೆಯೇ ಮೂಗು ಚುಚ್ಚುವ ಆಮ್ಲದ ಘಾಟು ಬಂದರೆ ಅದು ನೈಟ್ರೇಟ್. ಮುಚ್ಚಳದ ಒಳಬದಿಯಲ್ಲಿ ಕೆಂಪು ತುಕ್ಕಿನ ಪುಡಿ ಉಂಗುರದಂತೆ ಕೂತಿದ್ದರೂ ಅನುಮಾನಪಡಿ, ಅನಿಲ ತಗಡನ್ನು ತಿಂದಿರುತ್ತದೆ.

"ಒಂದು ಚೂರು ಕತ್ತರಿಸಿ ಕಡ್ಡಿ ಗೀರಿ ನೋಡಿ, ಗೊತ್ತಾಗುತ್ತೆ" ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಗೊತ್ತಾಗುವುದೇನೋ ನಿಜ. ಆದರೆ ಪಕ್ಕದಲ್ಲೇ ತೆರೆದ ಡಬ್ಬಿ ಇರುತ್ತದೆ, ಒಂದು ಕಿಡಿ ಸಾಕು. ದಯವಿಟ್ಟು ಈ ಪರೀಕ್ಷೆ ಮಾಡಬೇಡಿ.

ನಾಲ್ಕನೆಯ ಹೆಜ್ಜೆ: ಎಷ್ಟು ಕೊಳೆತಿದೆ ಎಂದು ನೋಡುವುದು

ನೈಟ್ರೇಟ್ ಸಾಯುವುದು ಐದು ಹಂತದಲ್ಲಿ. ಮೊದಲು ಫಿಲ್ಮ್ ಹಳದಿಗೆ, ಜೇನಿನ ಬಣ್ಣಕ್ಕೆ ತಿರುಗಿ ಚಿತ್ರ ಮಸುಕಾಗುತ್ತದೆ. ಎರಡನೆಯದರಲ್ಲಿ ಮೇಲ್ಪದರ ಅಂಟಂಟಾಗಿ ಸುತ್ತುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಮೂರನೆಯದರಲ್ಲಿ ಗುಳ್ಳೆ ಏಳುತ್ತದೆ, ಬೆಲ್ಲದ ಪಾಕದ ನೊರೆಯಂಥದ್ದು ಅಂಚಿನಿಂದ ಜಿನುಗುತ್ತದೆ, ಘಾಟು ಜೋರಾಗುತ್ತದೆ. ನಾಲ್ಕನೆಯದರಲ್ಲಿ ಇಡೀ ರೀಲು ಗಟ್ಟಿ ಮುದ್ದೆ. ಐದನೆಯದು ಅಜ್ಜಿಯ ಮನೆಯಲ್ಲಿ ನಾನು ಕಂಡ ಕಂದು ಪುಡಿ.

ಮೊದಲೆರಡು ಹಂತದ ರೀಲಿನಿಂದ ಪ್ರಯೋಗಾಲಯದವರು ಚಿತ್ರವನ್ನು ಬೇರೆ ಫಿಲ್ಮಿಗೋ ಡಿಜಿಟಲ್ಲಿಗೋ ಇಳಿಸಬಲ್ಲರು. ಮೂರನೆಯದರಲ್ಲೂ ಒಳಸುತ್ತುಗಳು ಉಳಿದಿರುವುದುಂಟು, ಆದ್ದರಿಂದ ಹೊರಗಿನ ನೊರೆ ನೋಡಿ ಕೈಚೆಲ್ಲಬೇಡಿ. ಅಂಟಿಕೊಂಡ ಸುತ್ತನ್ನು ಮಾತ್ರ ಎಳೆದು ಬಿಡಿಸಬೇಡಿ, ಚಿತ್ರವಿರುವ ಪದರ ಸುಲಿದು ಬರುತ್ತದೆ. ಮುದ್ದೆ ಅಥವಾ ಪುಡಿಯಾಗಿದ್ದರೆ ಕೈ ಹಚ್ಚದೆ, ಮುಚ್ಚಳವನ್ನು ಒತ್ತದೆ ಸುಮ್ಮನೆ ಮೇಲಿಟ್ಟು, ಮನೆಯಿಂದ ದೂರ ನೆರಳಲ್ಲಿರಿಸಿ ಅಗ್ನಿಶಾಮಕ ಠಾಣೆಗೆ ತಿಳಿಸಿ. ಕಸದ ಗಾಡಿಗೆ, ತಿಪ್ಪೆಗೆ ಹಾಕಲೇಬಾರದು. ಕಸ ಸುಡುವಾಗ ಪಕ್ಕದಲ್ಲಿ ನಿಂತಿರುವವರು ಯಾರೋ ಏನೋ.

ಬೆಂಕಿ ಹತ್ತಿಕೊಂಡರೆ

ಓಡಿ. ಬಾಗಿಲು ಎಳೆದುಕೊಂಡು ಓಡಿ. ನೀರು, ಮರಳು, ಬೆಂಕಿ ಆರಿಸುವ ಸಿಲಿಂಡರ್ ಯಾವುದರಿಂದಲೂ ನೀವು ಅದನ್ನು ಆರಿಸಲಾರಿರಿ. 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ, "ಹಳೇ ನೈಟ್ರೇಟ್ ಸಿನಿಮಾ ಫಿಲ್ಮ್" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಹಳದಿ ಕಂದು ಹೊಗೆ ಸ್ವಲ್ಪ ಕುಡಿದಿದ್ದರೂ, ಆ ಕ್ಷಣಕ್ಕೆ ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಿ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶದಲ್ಲಿ ನೀರು ತುಂಬಿಸುವುದು ಹಲವು ಗಂಟೆಗಳ ಮೇಲೆ. ಅನಿಲದ ಹೆಸರನ್ನು ವೈದ್ಯರಿಗೆ ಹೇಳಿ.

1929ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಪೇಯ್ಸ್ಲಿಯ ಗ್ಲೆನ್ ಸಿನಿಮಾದಲ್ಲಿ ಮಕ್ಕಳ ಪ್ರದರ್ಶನ ನಡೆಯುತ್ತಿತ್ತು. ಒಂದು ಡಬ್ಬಿಯೊಳಗಿನ ಫಿಲ್ಮು ಹೊಗೆಯಾಡತೊಡಗಿತು, ಅಷ್ಟೇ. ಚಿತ್ರಮಂದಿರ ಉರಿಯಲಿಲ್ಲ. ಹೊಗೆ ಕಂಡು ದಿಕ್ಕೆಟ್ಟು ನುಗ್ಗಿದ ಮಕ್ಕಳು ಮುಚ್ಚಿದ ದಾರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. 71 ಮಕ್ಕಳು ಸತ್ತರು. ನಮ್ಮ ಹಳೇ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆ, ತೆರೆಯ ಕಡೆಗೆ ಅಂಗೈಯಗಲದ ಕಿಂಡಿ, ಕಿಂಡಿಗೆ ತಾನಾಗಿ ಬೀಳುವ ಕಬ್ಬಿಣದ ಮುಚ್ಚಳ ಇರುವುದು ಈ ಭಯದಿಂದಲೇ. ಕಾರ್ಬನ್ ದೀಪದ ಮುಂದೆ ಫಿಲ್ಮು ಸೆಕೆಂಡಿಗೆ ಒಂದೂವರೆ ಅಡಿ ಓಡುತ್ತಿರುವವರೆಗೆ ಸರಿ, ಒಂದು ಕಡೆ ಸಿಕ್ಕಿಕೊಂಡು ನಿಂತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿಕೊಳ್ಳುತ್ತಿತ್ತು. ಆದ್ದರಿಂದ ಸಿಕ್ಕ ರೀಲನ್ನು "ಓಡಿಸಿ ನೋಡೋಣ" ಎಂದು ಯಾರ ಪ್ರೊಜೆಕ್ಟರಿಗೂ ಏರಿಸಬೇಡಿ.

ಐದನೆಯ ಹೆಜ್ಜೆ: ಕೆಲವು ಫ್ರೇಮುಗಳ ಫೋಟೋ

ಚೆನ್ನಾಗಿರುವ ರೀಲಾದರೆ ಬಿಡಿಸಿದ ಆ ಒಂದು ಗೇಣನ್ನು ಮೋಡದ ಬೆಳಕಿಗೋ ಬಿಳಿ ಗೋಡೆಗೋ ಹಿಡಿದು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಸೂರ್ಯನ ನೇರ ಬಿಸಿಲಿಗೆ ಹಿಡಿಯಬೇಡಿ. ಚಿತ್ರ, ಅಂಚಿನ ಬರಹ, ಶೀರ್ಷಿಕೆ ಇದ್ದರೆ ಅದು, ಡಬ್ಬಿಯ ಮೇಲಿನ ಚೀಟಿ, ಮುಚ್ಚಳದ ಮೇಲೆ ಕೆತ್ತಿದ ಅಂಕಿ, ಎಲ್ಲವೂ ಬೇಕು. ಚಿತ್ರದ ಪಕ್ಕದಲ್ಲಿ ಉದ್ದಕ್ಕೂ ಅಂಕುಡೊಂಕಿನ ಅಥವಾ ಗೆರೆಗೆರೆಯ ಸಣ್ಣ ಪಟ್ಟಿ ಕಂಡರೆ ಅದು ಧ್ವನಿಪಟ್ಟಿ, ಅಂದರೆ ಟಾಕಿ ಚಿತ್ರ. ಇಲ್ಲದಿದ್ದರೆ ಮೂಕಿ ಇರಬಹುದು, ಅದು ಇನ್ನೂ ಅಪರೂಪ. ಭಾರತದಲ್ಲಿ ತಯಾರಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿಗಳಲ್ಲಿ ಉಳಿದಿರುವುದು ತೀರಾ ಕೆಲವೇ, ಅವೂ ಹೆಚ್ಚಿನವು ತುಣುಕುಗಳು.

ಆ ಮಧ್ಯಾಹ್ನ ಅಜ್ಜಿಯ ಹಿತ್ತಲಲ್ಲಿ ಹಲಸಿನ ಮರದ ಕೆಳಗೆ ನಾನು ಎತ್ತಿ ಹಿಡಿದ ಪಟ್ಟಿಯಲ್ಲಿ ಎತ್ತಿನ ಗಾಡಿಯೊಂದು ಹೊಳೆ ದಾಟುತ್ತಿತ್ತು. ಹತ್ತು ಹನ್ನೆರಡು ಫ್ರೇಮು, ಗಾಡಿ ಕದಲಿದ್ದು ಒಂದು ಕೂದಲಿನಷ್ಟು. ನೈಟ್ರೇಟಿನ ಕಪ್ಪು ಬಿಳುಪು ನೋಡಿದವರಿಗೇ ಗೊತ್ತು: ನೀರಿನ ಮೇಲಿನ ಹೊಳಪು ಬೆಳ್ಳಿಯ ಹಾಗೆ. ಅದು ನಿಜವಾಗಿಯೂ ಬೆಳ್ಳಿಯೇ, ಫಿಲ್ಮಿನ ಮೇಲ್ಪದರದಲ್ಲಿ ಇರುವುದು ಬೆಳ್ಳಿಯ ಕಣ. ಎಷ್ಟೋ ಚಿತ್ರಗಳು ಬೆಂಕಿಗಿಂತ ಮೊದಲು ಈ ಬೆಳ್ಳಿಯ ಆಸೆಗೆ ಹೋದವು. ಓಟ ಮುಗಿದ ಪ್ರಿಂಟನ್ನು ತೂಕಕ್ಕೆ ಕೊಂಡು ತೊಳೆದು ಬೆಳ್ಳಿ ತೆಗೆಯುತ್ತಿದ್ದರು. ಇವತ್ತೂ ಅಂಥ ಮಾತಾಡುವ ಗುಜರಿಯವರು ಬರಬಹುದು. ಕೊಡಬೇಡಿ.

ಆರನೆಯ ಹೆಜ್ಜೆ: ಒಯ್ಯುವವರು ಬರುವ ತನಕ

ಜನ ಮಲಗುವ ಮನೆಯಿಂದ ಬೇರೆಯಾಗಿ, ಬಿಸಿಲು ಬೀಳದ, ಗಾಳಿಯಾಡುವ, ಹುಲ್ಲು ಸೌದೆ ಇಲ್ಲದ ಕೋಣೆ ಹುಡುಕಿ. ಹೆಂಚಿನ ಮಾಡು ತಗಡಿನ ಮಾಡಿಗಿಂತ ಎಷ್ಟೋ ಮೇಲು. ಡಬ್ಬಿಗಳನ್ನು ಮಲಗಿಸಿ ಒಂದೊಂದಾಗಿ ಬಿಡಿಬಿಡಿಯಾಗಿಡಿ, ಒಂದರ ಮೇಲೊಂದು ಪೇರಿಸಬೇಡಿ. ಮುಚ್ಚಳ ಸಡಿಲವಾಗಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಒಳ್ಳೆಯದು ಅನ್ನಿಸುತ್ತದೆ, ಆದರೆ ಅನಿಲ ಹೊರಗೆ ಹೋಗಲಾಗದೆ ರೀಲು ಬೇಗ ಹಾಳಾಗುತ್ತದೆ. ಮದುವೆ ಫೋಟೋ ಆಲ್ಬಮ್, ಬೇರೆ ಫಿಲ್ಮು, ಹಳೇ ಪುಸ್ತಕ ಅದೇ ಕೋಣೆಯಲ್ಲಿ ಬೇಡ, ಆ ಅನಿಲ ಅವನ್ನೂ ತಿನ್ನುತ್ತದೆ. ಚಲನಚಿತ್ರ ಭಂಡಾರಗಳು ನೈಟ್ರೇಟನ್ನು ಸುಮಾರು 2 ಡಿಗ್ರಿಯಲ್ಲಿ, ಒಣಹವೆಯಲ್ಲಿ ಇಡುತ್ತವೆ. ಹಾಗೆಂದು ಹಾಲು ಮೊಸರಿನ ಫ್ರಿಜ್ಜಿನಲ್ಲಿ ತುರುಕಬೇಡಿ.

ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಬಸ್ಸಿನ ಟಾಪು, ಕೊರಿಯರ್, ಅಂಚೆ, ರೈಲು ಯಾವುದರಲ್ಲೂ ಇದನ್ನು ಕಳಿಸಬೇಡಿ. ನೈಟ್ರೇಟ್ ಫಿಲ್ಮಿನ ದಾಸ್ತಾನು ಮತ್ತು ಸಾಗಾಟಕ್ಕೆ 1948ರ ಸಿನೆಮಾಟೋಗ್ರಾಫ್ ಫಿಲ್ಮ್ ನಿಯಮಗಳೇ ಇವೆ. ಸಾಗಿಸುವ ಕೆಲಸವನ್ನು ಭಂಡಾರದವರಿಗೇ ಬಿಡಿ.

ಏಳನೆಯ ಹೆಜ್ಜೆ: ಯಾರಿಗೆ ಹೇಳುವುದು, ಏನು ಕೇಳುವುದು

ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ 1964ರಿಂದ ಇದೇ ಕೆಲಸಕ್ಕಿದೆ, ಈಗ ಅದು ಎನ್‌ಎಫ್‌ಡಿಸಿಯ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಖಾಸಗಿಯಾಗಿ ಹಳೇ ಚಿತ್ರ ಉಳಿಸುವ ಸಂಸ್ಥೆ. ಕನ್ನಡದ ಚಿತ್ರ ಎಂಬ ಸುಳಿವಿದ್ದರೆ ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಬರೆಯಿರಿ. ಫೋಟೋಗಳ ಜೊತೆ ರೀಲಿನ ಸಂಖ್ಯೆ, ಅಗಲ, ಕೊಳೆತ ಹಂತ, ಸಿಕ್ಕಿದ ಜಾಗ ತಿಳಿಸಿ. ಮೊದಲ ಪತ್ರಕ್ಕೆ ಉತ್ತರ ಬರದಿದ್ದರೆ ಮತ್ತೆ ಬರೆಯಿರಿ, ಫೋನು ಮಾಡಿ. ಬೇಸಿಗೆ ಯಾರಿಗೂ ಕಾಯುವುದಿಲ್ಲ. ಭಂಡಾರ ಸೇರಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದೂ ಅಲ್ಲ. 2003ರ ಜನವರಿಯಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ಆವರಣದಲ್ಲಿದ್ದ ಈ ಭಂಡಾರದ ನೈಟ್ರೇಟ್ ಉಗ್ರಾಣಕ್ಕೇ ಬೆಂಕಿ ಬಿದ್ದು ಸಾವಿರಾರು ರೀಲು ಹೋದವು. ಅದಕ್ಕೇ ಒಪ್ಪಿಸುವಾಗಲೇ ಕೇಳಿ: ಬೇರೆ ಫಿಲ್ಮಿಗೆ ಅಥವಾ ಡಿಜಿಟಲ್ಲಿಗೆ ಯಾವಾಗ ಇಳಿಸುತ್ತೀರಿ, ನಮಗೊಂದು ಪ್ರತಿ ಕೊಡುತ್ತೀರಾ? ಕೊಟ್ಟದ್ದು ದಾನವೋ, ಬರೀ ಇಟ್ಟುಕೊಳ್ಳಲು ಒಪ್ಪಿಸಿದ್ದೋ ಎಂಬುದು ಕಾಗದದ ಮೇಲೆ ಇರಲಿ.

ಕನ್ನಡದವರಿಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ನಮ್ಮ ಮೊದಲ ಟಾಕಿ 'ಸತಿ ಸುಲೋಚನಾ' ಈಗ ಇಲ್ಲ. ವೈ.ವಿ. ರಾವ್ ನಿರ್ದೇಶಿಸಿದ, ಕೊಲ್ಲಾಪುರದಲ್ಲಿ ಚಿತ್ರೀಕರಣವಾದ ಆ ಸಿನಿಮಾದ ಒಂದು ಪ್ರತಿಯೂ ನಮ್ಮ ಕೈಯಲ್ಲಿ ಉಳಿದಿಲ್ಲ. ಅದೂ ನೈಟ್ರೇಟಿನ ಮೇಲೆ ಬಂದ ಚಿತ್ರವೇ.

ಕೊನೆಯದಾಗಿ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಡಬ್ಬಿ ಯಾರದು, ಎಲ್ಲಿಂದ ಬಂತು, ಯಾವ ಊರುಗಳಲ್ಲಿ ಓಡಿತು. ಚೀಟಿ ಉದುರಿಹೋದ ರೀಲಿಗೆ ಎಷ್ಟೋ ಸಲ ಈ ನೆನಪೇ ಹೆಸರು ಹುಡುಕಿಕೊಡುತ್ತದೆ. ಅಜ್ಜಿಗೆ ಸಿನಿಮಾದ ಹೆಸರು ನೆನಪಿರಲಿಲ್ಲ. ಆದರೆ ಹೊಳೆ ದಾಟುವ ಗಾಡಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದಾಗ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದು ಜಾತ್ರೆನಾಗೆ ತೋರ್ಸಿದ್ದು. ಗಾಡಿ ದಾಟಿದ್ಮ್ಯಾಲೆ ಒಬ್ಳು ಹೆಂಗ್ಸು ಹಾಡ್ತಾಳೆ ನೋಡು" ಅಂದರು. ರೀಲಿನ ಜೊತೆ ಹೋದ ಕಾಗದದಲ್ಲಿ ಆ ಮಾತನ್ನು ಅವರು ಹೇಳಿದ ಹಾಗೆಯೇ ಬರೆದು ಕಳಿಸಿದೆ.